ಓದುಗರ ಪ್ರಶ್ನೆ: ಕೆಸರಲ್ಲಿ ಓಡಾಡೋ ಹಕ್ಕಿಗಳು ಆಗಸ್ಟ್‌ಗೇ ಬರ್ತವೆ

ಹೋದ ಸಂಚಿಕೇಲಿ ಫ್ಲೆಮಿಂಗೊ ಬಗ್ಗೆ ಬರೆದಿದ್ದೇ ತಡ, ಪತ್ರ, ವಾಟ್ಸಾಪ್ ಮೆಸೇಜು, ಮಬ್ಬು ಮಬ್ಬು ಫೋಟೋ ಎಲ್ಲ ಸಾಲಾಗಿ ಬಂದಿದಾವೆ. ಅರ್ಧಕ್ಕರ್ಧ ಪ್ರಶ್ನೆ ಫ್ಲೆಮಿಂಗೊ ಪಕ್ಕದಲ್ಲಿ ಓಡಾಡ್ತಿದ್ದ ಸಣ್ಣ ಕಂದು ಹಕ್ಕಿಗಳ ಮೇಲೆ. ಒಳ್ಳೇದಾಯ್ತು, ನಂಗೂ ಇಷ್ಟ ಅವೇ. ಈ ಸಲ ಬರೀ ಅವುಗಳ ಮಾತು.

ಆಗಸ್ಟ್ 15ಕ್ಕೆ ಸೊಸೈಟಿ ಧ್ವಜವಂದನೆ ಮುಗಿಸ್ಕೊಂಡು ಖಾಡಿ (ಸಮುದ್ರದ ನೀರು ಒಳಗೆ ನುಗ್ಗೋ ಹಿನ್ನೀರು) ಕಡೆ ವಾಕಿಂಗ್ ಹೋಗಿದ್ವಿ. ಕೆಸರಲ್ಲಿ ಗುಬ್ಬಿಗಿಂತ ಸ್ವಲ್ಪ ದೊಡ್ಡ ಹಕ್ಕಿಗಳು ರಾಶಿ ಇದ್ವು, ಕೆಲವಕ್ಕೆ ಎದೆ ಮೇಲೆ ಕೇಸರಿ ಪಟ್ಟಿ. ಎದುರುಮನೆ ಅಂಕಲ್ ಹೇಳ್ತಾರೆ ವಲಸೆ ಹಕ್ಕಿ ಬರೋದು ನವೆಂಬರ್‌ಗೆ, ಇವು ಇಲ್ಲಿಯವೇ ಅಂತ. ಹೌದಾ?
(ಓದುಗರೊಬ್ಬರು, ಐರೋಲಿ, ನವಿ ಮುಂಬೈ)

ಅಂಕಲ್ ಹೇಳಿದ್ದು ಬಾತುಕೋಳಿಗೆ ಸರಿ ಅಕ್ಕ, ಇವುಕ್ಕಲ್ಲ. ಕೆಸರಿಗೆ ಕೊಕ್ಕು ಹಾಕಿ ಹುಳ ಹುಡುಕೋ ಗೊರವ, ಪ್ಲವರ್ ಜಾತಿಯವು ನಾವು ಇನ್ನೂ ಕೊಡೆ ಹಿಡ್ಕೊಂಡು ಓಡಾಡ್ತಿರುವಾಗ್ಲೇ ಬಂದಿಳಿದಿರ್ತವೆ, ಜುಲೈ ಕೊನೆವಾರಕ್ಕೇ ಮೊದಲನೇ ತಂಡ ಕಾಣೋಕೆ ಶುರು. ಯಾಕಂದ್ರೆ ಆಗಸ್ಟ್ ಅಂದ್ರೆ ನಮಗೆ ಮಳೆಗಾಲ, ಉತ್ತರದಲ್ಲಿ ಅವು ಮರಿ ಮಾಡೋ ಜಾಗದಲ್ಲಿ ಬೇಸಿಗೆ ಮುಗೀತಾ ಬಂದಿರೋ ಕಾಲ. ಸೈಬೀರಿಯಾ ತುದೀಲಿ ಹಿಮ ಕರಗಿ ಸೊಳ್ಳೆ ಹುಳ ಏಳೋದು ಒಂದೆರಡು ತಿಂಗಳಷ್ಟೇ, ಅಷ್ಟರಲ್ಲೇ ಮೊಟ್ಟೆ ಇಟ್ಟು ಮರಿ ಮಾಡಿ ಜಾಗ ಖಾಲಿ ಮಾಡ್ಬೇಕು.

ಇದ್ರಲ್ಲಿ ಇನ್ನೊಂದು ಮಜಾ ಇದೆ. ಮರಿಗಳು ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಓಡಾಡ್ಕೊಂಡು ತಮ್ಮ ಊಟ ತಾವೇ ಹುಡುಕ್ಕೊಳ್ತವೆ, ಬಾಯಿಗೆ ತುತ್ತು ಕೊಡೋ ಕೆಲಸವೇ ಇಲ್ಲ, ಹಾಗಾಗಿ ಎಷ್ಟೋ ಜಾತಿಗಳಲ್ಲಿ ಅಪ್ಪ ಅಮ್ಮ ಇಬ್ರೂ ಕಾಯ್ತಾ ಕೂರೋ ಅಗತ್ಯ ಇಲ್ಲ. ಕರ್ಲ್ಯೂ ಸ್ಯಾಂಡ್‌ಪೈಪರ್‌ನಲ್ಲಿ ಹೆಣ್ಣು ಕಾವಿಗೆ ಕೂತ್ರೆ ಗಂಡು ದಕ್ಷಿಣಕ್ಕೆ ಹೊರಟೇ ಬಿಡುತ್ತೆ. ಸ್ಪಾಟೆಡ್ ರೆಡ್‌ಶ್ಯಾಂಕ್‌ನಲ್ಲಿ ಉಲ್ಟಾ, ಹೆಣ್ಣು ಮೊದಲು ಹೊರಡುತ್ತೆ, ಮರಿ ನೋಡ್ಕೊಳ್ಳೋದು ಗಂಡು. ಕೊನೆಗೆ ಹೊರಡೋದು ಆ ವರ್ಷದ ಮರಿಗಳು, ದಾರಿ ತೋರಿಸೋಕೆ ದೊಡ್ಡೋರು ಯಾರೂ ಇಲ್ದೆ, ಜೀವಮಾನದಲ್ಲಿ ಒಂದ್ಸಲನೂ ನೋಡದೇ ಇರೋ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಬಾರ್ ಟೇಲ್ಡ್ ಗಾಡ್ವಿಟ್ ಅನ್ನೋ ಉದ್ದ ಕೊಕ್ಕಿನ ಕೆಸರು ಹಕ್ಕಿಯ ಒಂದು ಮರಿ, ಸುಮಾರು ಐದು ತಿಂಗಳಿನದು, ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಎಲ್ಲೂ ಇಳೀದೆ 11 ದಿನದಲ್ಲಿ ಹಾರಿತ್ತು, ಬೆನ್ನ ಮೇಲಿದ್ದ ಟ್ಯಾಗ್‌ನಿಂದ ಗೊತ್ತಾಗಿದ್ದು. ಅದು ನಮ್ಮ ಕಡೆ ಬರೋ ದಾರಿ ಅಲ್ಲ, ಆದ್ರೂ ಈ ಜಾತಿಯವುಗಳ ತಾಕತ್ತು ಗೊತ್ತಾಗ್ಲಿ ಅಂತ ಹೇಳ್ದೆ.

ನೀವು ನೋಡಿದ ಕೇಸರಿ ಪಟ್ಟಿಯದ್ದು ಹೆಚ್ಚಾಗಿ ಸ್ಯಾಂಡ್ ಪ್ಲವರ್. ಹಳೇ ಪುಸ್ತಕದಲ್ಲಿ ಲೆಸ್ಸರ್ ಸ್ಯಾಂಡ್ ಪ್ಲವರ್ ಅಂತ ಇರುತ್ತೆ, ಈಗ ಅದನ್ನ ಎರಡು ಜಾತಿ ಮಾಡಿರೋದ್ರಿಂದ ಹಕ್ಕಿ ಕಂಡಿದ್ದನ್ನ ಬರೆದಿಡೋ ಇ-ಬರ್ಡ್ ಆ್ಯಪಲ್ಲಿ ಟಿಬೆಟನ್ ಸ್ಯಾಂಡ್ ಪ್ಲವರ್ ಅಂತ ಬಂದ್ರೆ ಗಾಬರಿ ಬೇಡ. ಟಿಬೆಟ್, ಲಡಾಖ್ ಕಡೆ ಎತ್ತರದಲ್ಲಿ ಮರಿ ಮಾಡಿ ಇಲ್ಲಿಗೆ ಇಳಿಯುತ್ತೆ, ಅಂದ್ರೆ ಎಲ್ಲವೂ ಸೈಬೀರಿಯಾದಿಂದ್ಲೇ ಬರ್ಬೇಕು ಅಂತೇನಿಲ್ಲ. ಆ ಕೇಸರಿ ಮರಿ ಮಾಡೋ ಕಾಲದ ಬಣ್ಣ, ಆಗಸ್ಟ್‌ನಲ್ಲಿ ಇನ್ನೂ ಮೈಮೇಲೆ ಉಳಿದಿರುತ್ತೆ, ದೀಪಾವಳಿ ಹೊತ್ತಿಗೆ ಹೋಗಿ ನೋಡಿದ್ರೆ ಬರೀ ಬೂದು. ಇನ್ನು ಜೂನ್‌ನಲ್ಲೂ ಒಂದೊಂದು ಕಂಡ್ರೆ ಅವು ಉತ್ತರಕ್ಕೆ ಹೋಗದೇ ಇಲ್ಲೇ ಉಳ್ಕೊಂಡವು, ಹೆಚ್ಚಾಗಿ ಇನ್ನೂ ಮರಿ ಮಾಡೋ ವಯಸ್ಸಾಗದ ಹೋದ ವರ್ಷದ ಹಕ್ಕಿಗಳು.

ಅಂದಹಾಗೆ ನಿಮ್ಮ ಮನೆ ಮುಂದಿರೋದು ಸಾಮಾನ್ಯ ಖಾಡಿ ಅಲ್ಲ. ಠಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಆಯ್ತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಜಾಗಗಳ ಪಟ್ಟಿ) ಸೇರ್ತು. ಜನ ಡಿಸೆಂಬರ್‌ನಲ್ಲಿ ಕ್ಯೂ ನಿಲ್ತಾರೆ, ಆಗಸ್ಟ್‌ನಲ್ಲಿ ನೀವು ಕಂಡ ಬಣ್ಣ ಅವ್ರಿಗೆ ಸಿಗಲ್ಲ.

ಎಂತ ಮಾರಾಯ್ರೆ ಇದು, ಎಲ್ಲ ಕಂದು, ಎಲ್ಲಕ್ಕೂ ಉದ್ದ ಕಾಲು. ಪುಸ್ತಕ ತೆಗೊಂಡೆ, ಆ್ಯಪ್ ಹಾಕಿಕೊಂಡೆ, ಬಣ್ಣ ಒಂದಕ್ಕೂ ತಾಳೆ ಆಗುವುದಿಲ್ಲ. ಊರಲ್ಲಿ ಗದ್ದೆಯಲ್ಲಿ ಇದ್ದದ್ದೇ ಇದು ಅಂತ ಮಾತ್ರ ಅನಿಸ್ತದೆ. ಸುಲಭದಲ್ಲಿ ಗುರುತಿಸುವ ದಾರಿ ಉಂಟಾ?
(ಉಡುಪಿ ಮೂಲದ ಓದುಗರು, ಡೊಂಬಿವಲಿ)

ಉಂಟು, ಮೊದಲು ಬಣ್ಣದ ಆಸೆ ಬಿಡ್ಬೇಕು. ಈ ತಿಂಗಳಲ್ಲಿ ಒಂದೇ ಜಾತಿಯ ಮೂರು ಹಕ್ಕಿ ಮೂರು ಥರ ಇರ್ತವೆ. ದೊಡ್ಡ ಹಕ್ಕಿಗೆ ಗರಿ ಸವೆದು ಅಲ್ಲಲ್ಲಿ ಹಳೇ ಕೆಂಪು ಅಲ್ಲಲ್ಲಿ ಹೊಸ ಬೂದು, ಮರಿಗೆ ಬೆನ್ನ ಮೇಲಿನ ಒಂದೊಂದು ಗರಿಗೂ ತಿಳಿ ಅಂಚು ಕಟ್ಟಿ ಹೊಚ್ಚ ಹೊಸದಾಗಿ ನೀಟಾಗಿರುತ್ತೆ. ಪುಸ್ತಕದ ಚಿತ್ರ ಇದ್ಯಾವುದಕ್ಕೂ ಕೂಡಿ ಬರಲ್ಲ. ಕಾಲಿನ ಬಣ್ಣ ನೋಡಿ ಅಂತಾರೆ, ನೋಡ್ಬೇಕು ನಿಜ, ಆದ್ರೆ ನಮ್ಮ ಖಾಡಿ ಕೆಸರು ಮೆತ್ಕೊಂಡ್ರೆ ಹಳದಿ ಕಾಲೂ ಕರಿ, ಕೆಂಪು ಕಾಲೂ ಕರಿ. ನೀರಲ್ಲಿ ನಾಲ್ಕು ಹೆಜ್ಜೆ ಹಾಕಿ ತೊಳ್ಕೊಂಡ ಮೇಲೆ ನೋಡಿ.

ನಾನು ಮೊದಲು ನೋಡೋದು ಅದು ತಿನ್ನೋ ರೀತಿ. ಪ್ಲವರ್‌ಗೆ ದೊಡ್ಡ ಕಣ್ಣು ಚಿಕ್ಕ ಕೊಕ್ಕು, ಕಣ್ಣಲ್ಲಿ ನೋಡಿ ಹಿಡಿಯೋದು, ಅದಕ್ಕೇ ಮಕ್ಕಳು ಸ್ಟ್ಯಾಚ್ಯೂ ಆಡ್ತಾರಲ್ಲ ಹಾಗೆ ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತೆ, ಬಗ್ಗಿ ಒಂದು ಕುಕ್ಕು, ಮತ್ತೆ ಓಟ. ಗಾಡ್ವಿಟ್, ಕರ್ಲ್ಯೂ ಎಲ್ಲ ಹಾಗಲ್ಲ, ಉದ್ದ ಕೊಕ್ಕನ್ನ ಕೆಸರೊಳಗೆ ಬುಡದವರೆಗೂ ಇಳಿಸಿ ತಡಕಾಡ್ತವೆ, ಹುಳ ಸಿಕ್ರೆ ಕೊಕ್ಕಿನ ತುದಿಯನ್ನಷ್ಟೇ ಕೆಸರೊಳಗೇ ತೆರೆದು ಹಿಡಿಯೋಕಾಗುತ್ತೆ, ಪೂರ್ತಿ ಬಾಯಿ ತೆರೆಯೋ ಕಷ್ಟ ಇಲ್ಲ. ಇವೆರಡರ ಮಧ್ಯೆ ಬರೋವೇ ಸ್ಯಾಂಡ್‌ಪೈಪರ್‌ಗಳು, ಗದ್ದೆಲಿ ಇದ್ದದ್ದು ಅಂತ ನಿಮಗೆ ಅನಿಸಿದ್ದು ಇವೇ.

ಅದ್ರಲ್ಲಿ ಮೂರನ್ನ ಸರಿಯಾಗಿ ಕಲ್ತ್ರೆ ಅರ್ಧ ಗೆದ್ದ ಹಾಗೆ. ಕಾಮನ್ ಸ್ಯಾಂಡ್‌ಪೈಪರ್ ನಾಲೆ ಅಂಚು, ಬಂಡೆ, ಜೆಟ್ಟಿ ಮೆಟ್ಟಿಲು ಎಲ್ಲೆಂದ್ರಲ್ಲಿ ಸಿಗುತ್ತೆ, ಹಿಂಭಾಗ ಮೇಲೆ ಕೆಳಗೆ ಆಡಿಸೋದು ನಿಲ್ಲಿಸೋದೇ ಇಲ್ಲ, ರೆಕ್ಕೆ ಶುರುವಾಗೋ ಕಡೆ ಹೊಟ್ಟೆಯ ಬಿಳಿ ಮೇಲಕ್ಕೆ ಚೂಪಾಗಿ ನುಗ್ಗಿರುತ್ತೆ, ಹಾರುವಾಗ ನೀರಿಗೆ ತಾಗಿದ ಹಾಗೆ ರೆಕ್ಕೆ ಬಿಗಿ ಹಿಡಿದು ಪಟಪಟ ಅಂತ ಒಂಚೂರು ಬಡೀತದೆ ಅಷ್ಟೇ. ಗ್ರೀನ್ ಸ್ಯಾಂಡ್‌ಪೈಪರ್ ಒಂಟಿ, ಸಿಹಿನೀರಿನ ಹೊಂಡದಲ್ಲಿ ಇರುತ್ತೆ, ನೀವು ನೋಡೋ ಮುಂಚೆ ಅದೇ ನಿಮ್ಮನ್ನ ನೋಡಿ ಕೂಗ್ತಾ ಎದ್ದು ಹೋಗುತ್ತೆ, ಆಗ ರೆಕ್ಕೆ ಅಡಿ ಕಪ್ಪು, ಬಾಲದ ಬುಡ ಬೆಳ್ಳಗೆ, ಎರಡೇ ಬಣ್ಣದ ಹಕ್ಕಿ ಥರ ಕಾಣುತ್ತೆ. ವುಡ್ ಸ್ಯಾಂಡ್‌ಪೈಪರ್ ನಿಮ್ಮ ಗದ್ದೆಗೊರವ, ಬೆನ್ನ ತುಂಬ ಚುಕ್ಕೆ, ಕಣ್ಣ ಮೇಲೆ ಉದ್ದಕ್ಕೆ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು, ರೆಕ್ಕೆ ಅಡಿ ತಿಳಿ ಬಣ್ಣ, ಒಂದು ಕಂಡ್ರೆ ಸುತ್ತ ಇನ್ನೂ ನಾಲ್ಕು ಇರ್ತವೆ.

ರೆಡ್‌ಶ್ಯಾಂಕ್ ಹಾರಿದಾಗ ರೆಕ್ಕೆಯ ಹಿಂದಿನ ಅಂಚಲ್ಲಿ ಅಗಲ ಬಿಳಿ ಪಟ್ಟಿ, ದೂರದಿಂದ್ಲೂ ತಪ್ಪಲ್ಲ. ಗ್ರೀನ್‌ಶ್ಯಾಂಕ್‌ಗೆ ದಪ್ಪ ಕೊಕ್ಕು ಚೂರು ಮೇಲಕ್ಕೆ ಬಾಗಿರುತ್ತೆ, ಮಾರ್ಷ್ ಸ್ಯಾಂಡ್‌ಪೈಪರ್‌ಗೆ ಸೂಜಿ ಕೊಕ್ಕು. ಸ್ಟಿಂಟ್ ಅನ್ನೋ ಪುಟಾಣಿಗಳು ಎರಡಿವೆ, ಕರಿ ಕಾಲಿನದು ಲಿಟಲ್, ಹಳದಿ ಕಾಲಿನದು ಟೆಮಿಂಕ್ಸ್. ಈ ಸೀಸನ್‌ಗೆ ಇಷ್ಟು ಸಾಕು ಮಾರಾಯ್ರೆ, ಒಂದೇ ದಿನ ಎಲ್ಲ ಬೇಡ.

ಭಾನುವಾರ ಬೆಳಿಗ್ಗೆ ಆರಕ್ಕೇ ಹೋಗಿ ನಿಂತ್ವಿ, ಹಕ್ಕಿ ಬೆಳಿಗ್ಗೆ ನೋಡ್ಬೇಕು ಅಂತಾರಲ್ಲ. ಎಲ್ಲ ಎಲ್ಲೋ ದೂರದಲ್ಲಿ ಚುಕ್ಕಿ ಚುಕ್ಕಿ. ಒಂಬತ್ತಕ್ಕೆ ಬೇಜಾರಾಗಿ ವಾಪಸ್ ಬಂದ್ವಿ. ಟೈಮ್ ಯಾವ್ದು ಸರಿ?
(ಓದುಗರೊಬ್ಬರು, ಘಾಟ್ಕೋಪರ್)

ಅಯ್ಯೋ, ಸರಿಯಾಗಿ ಶೋ ಶುರುವಾಗೋ ಟೈಮಿಗೆ ಎದ್ದು ಬಂದಿದೀರ! ಖಾಡೀಲಿ ಸೂರ್ಯನ ಗಡಿಯಾರ ನಡೆಯಲ್ಲ, ಭರತಿ (ಅಂದ್ರೆ ಉಬ್ಬರ) ಇಳಿತದ್ದೇ ಲೆಕ್ಕ. ನೀರು ಇಳಿದಾಗ ಮೈಲಿಗಟ್ಟಲೆ ಕೆಸರು ತೆರೆಯುತ್ತೆ, ಹಕ್ಕಿಗಳು ನೀರಿನಂಚನ್ನ ಹಿಂಬಾಲಿಸಿ ಅಷ್ಟು ದೂರ ಹೋಗಿರ್ತವೆ. ನೀರು ಏರೋಕೆ ಶುರುವಾದ ಮೇಲೆ ಅದೇ ಅಂಚು ಅವನ್ನ ದಡದ ಕಡೆಗೆ ತಳ್ಕೊಂಡು ಬರುತ್ತೆ, ನೀವು ಸುಮ್ನೆ ಒಂದ್ಕಡೆ ನಿಂತಿದ್ರೆ ಸಾಕು ತಾವಾಗೇ ಹತ್ರ ಬರ್ತವೆ. ಪೂರ್ತಿ ಭರತಿಗೆ ಮುಂಚಿನ ಎರಡು ಮೂರು ಗಂಟೆ, ಅದೇ ಬಂಗಾರದ ಟೈಮು. ಕೆಸರು ಪೂರ್ತಿ ಮುಳುಗಿದ ಮೇಲೆ ಎದ್ದು ನೆರೂಳ್‌ನ ಟಿಎಸ್ ಚಾಣಕ್ಯ (ಹಡಗಿನವರ ತರಬೇತಿ ಸಂಸ್ಥೆ), ಎನ್‌ಆರ್‌ಐ ಕಾಂಪ್ಲೆಕ್ಸ್ ಹತ್ರದ ತೇವದ ಜಾಗ, ಉರಣ್ ಕಡೆ ಪಾಂಜೆ, ಹೀಗೆ ನೀರು ಆಳ ಇಲ್ಲದ ಕಡೆ ಹೋಗಿ ಒಂಟಿಕಾಲಲ್ಲಿ ನಿದ್ದೆ ಮಾಡ್ತವೆ. ಆ ಹೊಂಡಗಳನ್ನ ಖಾಲಿ ಬಿದ್ದ ಜಾಗ ಅನ್ನೋರಿಗೆ ಇದನ್ನ ಹೇಗೆ ಅರ್ಥ ಮಾಡಿಸೋದೋ ಗೊತ್ತಿಲ್ಲ. ಊಟದ ಮನೆ ಒಂದ್ಕಡೆ, ಮಲಗೋ ಮನೆ ಇನ್ನೊಂದ್ಕಡೆ, ಒಂದು ಹೋದ್ರೂ ಹಕ್ಕಿ ಇರಲ್ಲ.

ಟೈಮ್ ಕಂಡುಹಿಡಿಯೋಕೆ ಮೊಬೈಲಲ್ಲಿ ಟೈಡ್ ಟೇಬಲ್ ಸಿಗುತ್ತೆ. ಇಲ್ಲಾಂದ್ರೆ ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು, ಕೊಂಕಣ ತೀರದ ಹಳೇ ಲೆಕ್ಕ ಒಂದಿದೆ: ತಿಥಿ ಎಷ್ಟನೇದೋ ಅದರ ಮುಕ್ಕಾಲು ಭಾಗ ಮಾಡಿ, ಅದೇ ಭರತಿಯ ಗಂಟೆ. ಅಷ್ಟಮಿಗೆ ಎಂಟರ ಮುಕ್ಕಾಲು ಆರು, ಅಂದ್ರೆ ಬೆಳಿಗ್ಗೆ ಆರು ಸಂಜೆ ಆರರ ಆಸುಪಾಸು. ಪಂಚಮಿಗೆ ಮೂರೂ ಮುಕ್ಕಾಲು. ಅಮಾವಾಸ್ಯೆ ಹುಣ್ಣಿಮೆಗೆ ಹನ್ನೊಂದೂ ಕಾಲು, ನಿಜಕ್ಕೆ ಮುಂಬೈಲಿ ಅವತ್ತು ಹನ್ನೆರಡರ ಹತ್ತಿರ ಬರುತ್ತೆ, ಅರ್ಧ ಮುಕ್ಕಾಲು ಗಂಟೆ ಆಚೀಚೆ ಇಟ್ಕೊಳ್ಳಿ. ನೀವು ಹೇಳಿದ್ದು ನೋಡಿದ್ರೆ ಅವತ್ತು ಅಮಾವಾಸ್ಯೆಯೋ ಹುಣ್ಣಿಮೆಯೋ ಹತ್ತಿರ ಇರ್ಬೇಕು, ಬೆಳಿಗ್ಗೆ ಆರಕ್ಕೆ ನೀರು ತಳದಲ್ಲಿತ್ತು, ಒಂಬತ್ತರ ಮೇಲೆ ಹಕ್ಕಿ ದಡಕ್ಕೆ ಬರೋದಿತ್ತು. ಮಳೆಗಾಲದಲ್ಲಿ ಪೇಪರ್‌ನವರು ನಾಲ್ಕೂವರೆ ಮೀಟರ್ ಮೇಲಿನ ಭರತಿ ದಿನಗಳ ಪಟ್ಟಿ ಹಾಕ್ತಾರಲ್ಲ, ಊರು ಮುಳುಗುತ್ತೆ ಹುಷಾರು ಅಂತ, ನಾವು ಹಕ್ಕಿ ನೋಡೋರು ಅದೇ ಪಟ್ಟಿ ಕತ್ತರಿಸಿ ಇಟ್ಕೊಳ್ತೀವಿ. ಆ ದಿನ ಜೋರು ಮಳೆ ಇದ್ರೆ ಮಾತ್ರ ಮನೇಲಿರಿ.

ಇನ್ನೊಂದು, ಬೆಳಕು. ಶಿವಡಿ ಜೆಟ್ಟಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆ ಬಿಸಿಲು ನೇರ ಕಣ್ಣಿಗೆ, ಹಕ್ಕಿ ಎಲ್ಲ ಬರೀ ಕರಿ ನೆರಳು. ಅಲ್ಲಿಗೆ ಮಧ್ಯಾಹ್ನದ ಮೇಲೆ ಭರತಿ ಇರೋ ದಿನ ಹೋಗಿ. ಐರೋಲಿ ಕಡೆ ದಡ ಉಲ್ಟಾ, ಬೆಳಿಗ್ಗೆ ಸೂರ್ಯ ಬೆನ್ನಿಗೆ. ಐರೋಲಿಯ ಹಕ್ಕಿ ತೋರಿಸೋ ಬೋಟ್ ನಂಬ್ಕೊಂಡು ಮಳೆಗಾಲದಲ್ಲಿ ಹೊರಡ್ಬೇಡಿ, ಮೊದಲು ಕೇಳಿ ತಿಳ್ಕೊಳ್ಳಿ. ನಿಮಗೆ ಹತ್ರ ಆಗೋ ಭಾಂಡುಪ್ ಪಂಪಿಂಗ್ ಸ್ಟೇಷನ್ ಪಾಲಿಕೆ ಜಾಗ, ಗೇಟಲ್ಲಿ ವಿಚಾರಿಸಿಯೇ ಒಳಗೆ ಹೋಗಿ.

ಆಗಸ್ಟ್ ಲಾಂಗ್ ವೀಕೆಂಡಿಗೆ ಹಡಪ್ಸರ್‌ನಿಂದ ಭಿಗ್ವಣಕ್ಕೆ ಹೋದ್ವಿ. ಬರೀ ನೀರು. ಬೋಟಿನವರು ಆಮೇಲೆ ಬನ್ನಿ ಅಂದ್ರು. ಮುಂಬೈಲಿ ಹಕ್ಕಿ ಬಂದಿದಾವೆ ಅಂತೀರ, ನಮ್ಮಲ್ಲಿ ಯಾಕಿಲ್ಲ?
(ಓದುಗರೊಬ್ಬರು, ಪುಣೆ)

ಬೋಟಿನವರು ಪ್ರಾಮಾಣಿಕರು, ಸುಮ್ನೆ ಒಂದು ರೌಂಡ್ ಹೊಡೆಸಿ ದುಡ್ಡು ಇಸ್ಕೊಂಡಿದ್ರೂ ನಿಮಗೆ ಗೊತ್ತಾಗ್ತಿರ್ಲಿಲ್ಲ. ಭಿಗ್ವಣ ಅಂದ್ರೆ ಭೀಮಾ ನದಿಗೆ ಕಟ್ಟಿದ ಉಜನಿ ಡ್ಯಾಮಿನ ಹಿನ್ನೀರು, 1980ರಿಂದ ಇರೋದು. ಅಲ್ಲಿ ಭರತಿ ಇಳಿತ ದಿನಕ್ಕೆರಡು ಸಲ ಅಲ್ಲ, ವರ್ಷಕ್ಕೊಂದು ಸಲ. ಮಳೆಗಾಲದಲ್ಲಿ ಖಡಕ್ವಾಸ್ಲಾ ಗೇಟ್ ತೆಗೆದ್ರೆ ಆ ನೀರು ಮುಠಾ, ಮುಳಾ-ಮುಠಾ, ಭೀಮಾ ಅಂತ ಇಳಿದು ಇಲ್ಲೇ ಬಂದು ತುಂಬೋದು. ತುಂಬಿದ ಮೇಲೆ ಕೆಸರು ಮಾಯ, ಗೇಣುದ್ದ ಕಾಲಿನ ಹಕ್ಕಿ ಎಲ್ಲಿ ನಿಲ್ಬೇಕು ಹೇಳಿ. ಹೊಲಗಳಿಗೆ ನೀರು ಬಿಡ್ತಾ ಬಿಡ್ತಾ ಚಳಿಗಾಲ ಕಳೆದು ಮಟ್ಟ ಇಳಿದ ಹಾಗೆ ಅಂಚು ತೆರೆಯುತ್ತೆ, ಜನವರಿಯಿಂದ ಏಪ್ರಿಲ್‌ವರೆಗೂ ಕುಂಭಾರಗಾವ್, ಡಿಕ್ಸಳ್ ಕಡೆ ನೋಡಿದಷ್ಟೂ ಮುಗಿಯಲ್ಲ. ಏಪ್ರಿಲ್ ಬಿಸಿಲು ತಡೆಯೋ ಗಟ್ಟಿತನ ಇದ್ರೆ ನಾನಂತೂ ಆಗಲೇ ಹೋಗಿ ಅಂತೀನಿ, ಊರಿಗೆ ಹೊರಡೋ ಮುಂಚೆ ಬ್ಲ್ಯಾಕ್ ಟೇಲ್ಡ್ ಗಾಡ್ವಿಟ್‌ಗೆ ಕತ್ತು ಎದೆ ಇಟ್ಟಿಗೆ ಕೆಂಪು ತಿರುಗಿರುತ್ತೆ.

ಹಾಗಂತ ಪುಣೇಲಿ ಈಗ ಏನೂ ಇಲ್ಲ ಅಂತಲ್ಲ. ಊರಾಚೆ ಮಳೆ ನೀರು ನಿಂತ ಹೊಂಡ, ಕಲ್ಲು ಗಣಿ ಗುಂಡಿ, ಹೊಲದಂಚು ನೋಡಿ, ಗ್ರೀನ್ ಸ್ಯಾಂಡ್‌ಪೈಪರ್ ಇಂಥ ಕಡೆಯೇ ಮೊದಲು ಇಳಿಯೋದು. ಜೊಂಡು ಇದ್ರೆ ಪೇಂಟೆಡ್ ಸ್ನೈಪ್ ಸಿಕ್ರೂ ಸಿಗ್ಬಹುದು, ಅದರಲ್ಲಿ ಹೆಣ್ಣಿಗೇ ಬಣ್ಣ, ಕಾವಿಗೆ ಕೂರೋದು ಗಂಡು. ಲೋಣಿ ಕಾಳಭೋರ್ ಹತ್ತಿರ ನದಿ ದಡದ ಕವಡಿ ನಿಮಗೆ ಹಡಪ್ಸರ್‌ನಿಂದ ಪಕ್ಕದಲ್ಲೇ, ಆದ್ರೆ ಪ್ರವಾಹ ಇಳಿದು ಕಲ್ಲು ಕಾಣೋವರೆಗೂ ಕಾಯಿರಿ, ಸೆಪ್ಟೆಂಬರ್ ಕೊನೆ ಆಗ್ಬಹುದು. ಊರಿನ ಕೊಳಚೆಯೆಲ್ಲ ಅಲ್ಲೇ ಹರಿಯೋದು, ಮೂಗು ಮುಚ್ಕೋಬೇಕು, ನೊರೆ ಬೇರೆ. ಆ ಕೊಳಚೆ ತಳದಲ್ಲಿ ಬೆಳೆಯೋ ಕೆಂಪು ಹುಳಕ್ಕೇ ಮೆಟ್ಟುಗಾಲು ಹಕ್ಕಿಗಳು (ಸ್ಟಿಲ್ಟ್) ಗುಂಪು ಗುಂಪಾಗಿ ನೆರೆದಿರ್ತವೆ, ಅದನ್ನ ನೋಡಿ ನದಿ ಚೆನ್ನಾಗಿದೆ ಅನ್ಕೊಂಡ್ರೆ ಮೋಸ. ನೀರು ಜೋರಿದ್ದಾಗ ಹಳೇ ಸೇತುವೆ ಮೇಲೆ ನಿಂತು ನೋಡೋ ಸಾಹಸ ಮಾತ್ರ ಬೇಡ್ರಪ್ಪಾ, 2025ರ ಜೂನ್‌ನಲ್ಲಿ ಇಂದ್ರಾಯಣಿ ಮೇಲೆ ಕುಂಡಮಳಾ ಸೇತುವೆ ಜನ ನಿಂತಿದ್ದಾಗ್ಲೇ ಕುಸಿದಿದ್ದು ನೆನಪಿರ್ಲಿ.

ನಮಸ್ಕಾರ್ರಿ. ನಮ್ದು ಗದಗ ಕಡೆ, ವಾಸ್ಕೋದಾಗ ಇರ್ತೀವ್ರಿ. ಊರಾಗಿದ್ದಾಗ ಮಾಗಡಿ ಕೆರಿಗೆ ಹೆಬ್ಬಾತು ನೋಡಾಕ ಹೊಕ್ಕಿದ್ವಿ. ಗೋವಾದಾಗ ಎಲ್ಲಿ ಹೋಗಬೇಕ್ರಿ? ಸಣ್ಣ ಹುಡುಗೂರು ಅದಾವ, ಕೆಸರಾಗ ಇಳ್ಯಾಕ ಆಗೂದಿಲ್ಲ.
(ಓದುಗರೊಬ್ಬರು, ವಾಸ್ಕೋ)

ಮಾಗಡಿ ಕೆರೆ ನೋಡಿದೋರಿಗೆ ನಾನೇನು ಹೇಳ್ಲಿ, ಅದೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಗೋವಾದಲ್ಲಿ ಹುಡುಗರನ್ನ ಕರ್ಕೊಂಡು ಹೋಗೋದಾದ್ರೆ ಕರ್ಮಳಿ ಸ್ಟೇಷನ್ ಹತ್ತಿರದ ಕಾರಂಬೋಳಿ ಕೆರೆ ವಾಸಿ, ರಸ್ತೆ ಮೇಲೆ ನಿಂತೇ ಕಾಣುತ್ತೆ. ಈಗ ಆಗಸ್ಟ್‌ನಲ್ಲಿ ಅಲ್ಲಿ ನೀರು ತುಂಬಿರುತ್ತೆ, ಗೊರವಗಳಿಗಿಂತ ಎಲೆ ಮೇಲೆ ನಡೆಯೋ ಉದ್ದ ಬಾಲದ ಜಕಾನಾ ನೋಡೋ ಕಾಲ, ಮಳೆಗಾಲದಲ್ಲೇ ಅದಕ್ಕೆ ಆ ಬಾಲ ಇರೋದು, ಹುಡುಗರಿಗೆ ಖುಷಿ ಆಗುತ್ತೆ. ಗೊರವಗಳಿಗೆ ಅಂತಲೇ ಹೋಗೋದಾದ್ರೆ ಭತ್ತದ ಕೊಯ್ಲು ಆದ ಮೇಲೆ, ಅಕ್ಟೋಬರ್ ಹೊತ್ತಿಗೆ, ದಿವಾಡಿ ಚೋಡಣ ದ್ವೀಪಗಳ ಖಾಜನ್ ಗದ್ದೆಗಳು. ನದಿ ಉಪ್ಪುನೀರನ್ನ ಕಟ್ಟೆ ಹಾಕಿ, ಮರದ ತೂಬಿನಲ್ಲಿ ಒಳಗೆ ಹೊರಗೆ ಬಿಡೋ ಗದ್ದೆ ಅವು, ಕೂಳೆ ನಡುವೆ ತೆಳ್ಳಗೆ ನೀರು ನಿಂತಿರುತ್ತೆ, ಗದ್ದೆಗೊರವ, ಉಲ್ಲಂಕಿ (ಸ್ನೈಪ್), ಗೋಲ್ಡನ್ ಪ್ಲವರ್ ಎಲ್ಲ ಕಟ್ಟೆ ಮೇಲಿಂದ್ಲೇ ಸಿಗ್ತವೆ. ಚೋಡಣಕ್ಕೆ ರಾಯಬಂದರ್‌ನಿಂದ ಫೆರಿ, ದ್ವೀಪದ ತುದೀಲಿ ಸಲೀಂ ಅಲಿ ಹೆಸರಿನ ಪಕ್ಷಿಧಾಮ. ಅದರ ಪಕ್ಕ ಹರಿಯೋ ಮಾಂಡೋವಿ ನಮ್ಮ ಮಹದಾಯಿಯೇ, ಅದು ನಿಮಗೆ ಗೊತ್ತಿದ್ದದ್ದೇ.

ಮುಂಬೈಲಿ ನೀರು ನಾಲ್ಕು ಮೀಟರ್‌ಗೂ ಜಾಸ್ತಿ ಏರಿಳಿಯೋದುಂಟು, ಗೋವಾದಲ್ಲಿ ಸುಮಾರು ಎರಡು, ಹಾಗಾಗಿ ತೆರೆಯೋ ಕೆಸರೂ ಕಮ್ಮಿ, ಮುಂಬೈ ಥರ ಸಾವಿರಗಟ್ಟಲೆ ನಿರೀಕ್ಷೆ ಬೇಡ. ಮಳೆ ನಿಂತ ಮೇಲೆ ಮೋರ್ಜಿಮ್‌ನಲ್ಲಿ ಶಾಪೋರಾ ನದಿ ಸಮುದ್ರ ಸೇರೋ ಮರಳು ದಿಣ್ಣೆಗೂ ಒಮ್ಮೆ ಹೋಗಿ ಬರ್ರಿ, ಸ್ಯಾಂಡ್ ಪ್ಲವರ್‌ಗಳು ಅಲ್ಲಿರ್ತವೆ.

ಮಗ ಒಂಬತ್ತನೇ ಕ್ಲಾಸು, ಬೈನಾಕ್ಯುಲರ್ ಬೇಕು ಅಂತಾನೆ. ಆನ್‌ಲೈನಲ್ಲಿ ನೂರು ಪಟ್ಟು ಝೂಮ್ ಅಂತ ಅಗ್ಗಕ್ಕೆ ಸಿಗುತ್ತೆ, ತಗೊಳ್ಳಲಾ?
(ಓದುಗರೊಬ್ಬರು, ಠಾಣೆ)

ಬೇಡ. 8x42 ತಗೊಳ್ಳಿ (42 ಅಂದ್ರೆ ಮುಂದಿನ ಲೆನ್ಸಿನ ಅಗಲ, ಮಿಲಿಮೀಟರ್‌ನಲ್ಲಿ), ಎಂಟು ಪಟ್ಟು ಸಾಕು, ಜಾಸ್ತಿ ಆದಷ್ಟೂ ಕೈ ನಡುಗೋದೇ ಕಾಣೋದು. ವಾಟರ್‌ಪ್ರೂಫ್ ಇರ್ಲಿ, ಮುಂಬೈ ತೇವಕ್ಕೆ ಲೆನ್ಸ್ ಒಳಗೆ ಫಂಗಸ್ ಬಂದ್ರೆ ಮುಗೀತು. ಗಾಳಿಯಾಡದ ಡಬ್ಬೀಲಿ ಸಿಲಿಕಾ ಜೆಲ್ ಹಾಕಿ ಇಡಿ.

ನೆರೂಳ್ ಕೆರೆ ಹತ್ರ ಕೆಲವರು ಹಕ್ಕಿ ಹಾರೋ ಫೋಟೋ ಬೇಕು ಅಂತ ಚಪ್ಪಾಳೆ ತಟ್ಟಿ, ಕಲ್ಲೆಸೆದು ಎಬ್ಬಿಸ್ತಾರೆ, ಒಬ್ಬ ಡ್ರೋನ್ ತಂದಿದ್ದ. ಹೇಳೋಕೆ ಹೋದ್ರೆ ನಮ್ಮನ್ನೇ ದಬಾಯಿಸ್ತಾರೆ. ಇನ್ನೊಂದು, ಒಂದು ಹಕ್ಕಿಯ ಕಾಲಲ್ಲಿ ಬಣ್ಣದ ಪಟ್ಟಿ ಇತ್ತು, ಯಾರಾದ್ರೂ ಸಾಕಿದ್ದಾ?
(ಓದುಗರೊಬ್ಬರು, ನೆರೂಳ್)

ದಬಾಯಿಸೋರ ಜೊತೆ ಜಗಳ ಬೇಡ, ಮಹಾರಾಷ್ಟ್ರ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಫೋಟೋ ಇಟ್ಕೊಂಡಿರಿ. ಆ ಫೋಟೋ ಹುಚ್ಚಿನ ಮೇಲೆ ನನಗೂ ಸಿಟ್ಟಿದೆ. ಸಾವಿರಾರು ಕಿಲೋಮೀಟರ್ ಹಾರಿ ಕೊಬ್ಬೆಲ್ಲ ಕರಗಿಸ್ಕೊಂಡು ಬಂದ ಹಕ್ಕಿ, ಕೆಸರು ಮುಳುಗಿರೋ ಆ ಕೆಲವೇ ಗಂಟೆ ಅದಕ್ಕೆ ವಿಶ್ರಾಂತಿ, ಒಂದೊಂದು ಸಲ ಎಬ್ಬಿಸಿದಾಗ್ಲೂ ತಿಂದಿದ್ದು ಹಾರೋದಕ್ಕೇ ಖರ್ಚಾಗುತ್ತೆ. ಸುಮ್ನೆ ಅರ್ಧ ಗಂಟೆ ಕೂತಿದ್ರೆ ಗಿಡುಗ ಬಂದು ತಾನೇ ಎಬ್ಬಿಸುತ್ತೆ, ಆಗ ತೆಗೀಲಿ ಫೋಟೋ.

ಪಟ್ಟಿ ಸಾಕಿದೋರದ್ದಲ್ಲ, ವಿಜ್ಞಾನಿಗಳು ಹಿಡಿದು ಹಾಕಿ ಬಿಟ್ಟಿರೋದು, ಎಲ್ಲಿಂದ ಎಲ್ಲಿಗೆ ಹೋಗುತ್ತೆ ತಿಳಿಯೋಕೆ. ಪಟ್ಟಿ ಯಾವ ಕಾಲಲ್ಲಿತ್ತು, ಮಂಡಿ ಮೇಲೋ ಕೆಳಗೋ, ಎರಡು ಬಣ್ಣ ಇದ್ರೆ ಯಾವುದು ಮೇಲೆ, ಅಕ್ಷರ ಅಂಕಿ ಏನಾದ್ರೂ ಓದೋಕಾಯ್ತಾ, ಇಷ್ಟನ್ನ ತಾರೀಖು ಜಾಗದ ಜೊತೆ ಮುಂಬೈನಲ್ಲೇ ಇರೋ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ಕಳಿಸಿ, 1883ರ ಸಂಸ್ಥೆ ಅದು, ಉಂಗುರ ಹಾಕೋ ಕೆಲಸ ಬಹಳ ಕಾಲದಿಂದ ಮಾಡ್ತಾರೆ. ಬಲ ಎಡ ಅನ್ನೋದು ಹಕ್ಕಿಯ ಬಲ ಎಡ, ನೋಡೋ ನಿಮ್ಮದಲ್ಲ. ಫೋಟೋ ಮಬ್ಬಾಗಿದ್ರೂ ಪರವಾಗಿಲ್ಲ, ಕಳಿಸಿ.